ಬಾಯಲ್ಲಿ ಹಿಡಿದ ಮೊಟ್ಟೆ ಎಲ್ಲಿ ಹೋಯಿತು? ಮಲಾವಿ ಸಿಕ್ಲಿಡ್ ಮರಿ ಮಾಡಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಮಲಾವಿ ಸಿಕ್ಲಿಡ್ ಮೀನು ಸಾಕಿದವರ ಮನೆಯಲ್ಲಿ ಮೊಟ್ಟೆ ಬೀಳುವುದು ಕಷ್ಟವಲ್ಲ, ಮರಿ ಉಳಿಯುವುದೇ ಕಷ್ಟ. ಇವುಗಳ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಲ್ಲಿಯ ತನಕ ಊಟ ಮಾಡುವುದಿಲ್ಲ. ನಿನ್ನೆ ತನಕ ಗಂಟಲು ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿದ್ದ ಹೆಣ್ಣು ಇವತ್ತು ಎಲ್ಲರ ಜೊತೆ ಊಟಕ್ಕೆ ಬಂದಿರುತ್ತದೆ. ಮರಿ ಒಂದೂ ಕಾಣುವುದಿಲ್ಲ. "ಈ ಹೆಣ್ಣು ಸರಿ ಇಲ್ಲ, ಮೊಟ್ಟೆ ತಿನ್ನುತ್ತೆ" ಅಂತ ಹೇಳಿ ಅದನ್ನು ಅಂಗಡಿಗೆ ವಾಪಸ್ ಕೊಟ್ಟವರು ತುಂಬಾ ಜನ. ತಾಯಿಯ ಮೇಲೆ ತಪ್ಪು ಹೊರಿಸುವ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದಕ್ಕೆ ದುಡ್ಡೇ ಬೇಡ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಎಲೆಕ್ಟ್ರಿಕ್ ಯೆಲ್ಲೋ ಮೀನಿನ ಬಗ್ಗೆ. ಯೆಲ್ಲೋ ಲ್ಯಾಬ್ ಅಂತಲೂ ಕರೆಯುತ್ತಾರೆ, ಶಾಸ್ತ್ರೀಯ ಹೆಸರು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್. ಆಫ್ರಿಕಾದ ಮಲಾವಿ ಸರೋವರದ ಮೀನು. ಅದೇ ಸರೋವರದ ಬಂಡೆಗಳಲ್ಲಿ ಬದುಕುವ ಬೇರೆ ಸಿಕ್ಲಿಡ್‌ಗಳಿಗೂ, ಅಂದರೆ ಎಂಬುನಾ ಗುಂಪಿಗೂ, ಬಹುಪಾಲು ಇದೇ ಅನ್ವಯಿಸುತ್ತದೆ.

ಒಂದು ಕೆಲಸ ಮಾತ್ರ ಇವತ್ತೇ ಶುರು ಮಾಡಿ. ಹೆಣ್ಣು ಬಾಯಿ ತುಂಬಿಕೊಂಡಿದ್ದು ಕಂಡ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲೇ ನೀರಿನ ಉಷ್ಣಾಂಶ ಬರೆಯಿರಿ. ಬಾಯಿ ಎಷ್ಟನೇ ದಿನಕ್ಕೆ ಖಾಲಿಯಾಯಿತು ಅಂತ ಗೊತ್ತಾದರೆ ಕಾರಣ ಅರ್ಧ ಸಿಕ್ಕ ಹಾಗೆ. ಸುಮಾರು 27 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಐದಾರು ದಿನ ಬೇಕು. ಎರಡು ವಾರದ ಹೊತ್ತಿಗೆ ಕಣ್ಣು, ಬಾಲ ಎಲ್ಲ ಬಂದಿರುತ್ತವೆ, ಹೊಟ್ಟೆಯ ಕೆಳಗೆ ಹಳದಿ ಚೀಲ ಸ್ವಲ್ಪ ಉಳಿದಿರುತ್ತದೆ. 18ರಿಂದ 25 ದಿನದೊಳಗೆ ತಾಯಿ ಮರಿಗಳನ್ನು ಹೊರಗೆ ಬಿಡುತ್ತದೆ. ನೀರು ತಣ್ಣಗಿದ್ದರೆ ಇದೆಲ್ಲ ನಿಧಾನ, ಬೆಚ್ಚಗಿದ್ದರೆ ಬೇಗ.

ನೀರಿಗೆ ಕೈ ಹಾಕುವ ಮುಂಚೆ

ಹೀಟರ್, ಪಂಪ್, ಲೈಟ್ ಮೂರರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರ್ ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಜೋತು ಬಿದ್ದಿರಲಿ, ಹನಿ ಇಳಿದರೆ ನೆಲಕ್ಕೆ ಬೀಳಬೇಕು, ಸಾಕೆಟ್ಟಿಗಲ್ಲ. ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸುವುದು ಒಳ್ಳೆಯದು. ನೀರು ತೆಗೆಯುವ ಕಾಲು ಗಂಟೆ ಮುಂಚೆಯೇ ಹೀಟರ್ ಆರಿಸಿ. ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಸೀಳುತ್ತದೆ.

ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಅಕ್ವೇರಿಯಂ ನೀರಿನಲ್ಲಿ ಇರಬಹುದಾದ ಮೈಕೋಬ್ಯಾಕ್ಟೀರಿಯಂ ಮೆರೈನಮ್ ಅನ್ನುವ ರೋಗಾಣು ಗಾಯದ ಮೂಲಕ ಒಳಗೆ ಹೋದರೆ ವಾರಗಟ್ಟಲೆ ವಾಸಿಯಾಗದ ಗಂಟು ಏಳುತ್ತದೆ. ಅಂಥದ್ದು ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, "ಮೀನಿನ ಟ್ಯಾಂಕಿಗೆ ಕೈ ಹಾಕ್ತೀನಿ" ಅಂತ ತಪ್ಪದೆ ಹೇಳಿ. ಇದೇ ಕಾರಣಕ್ಕೆ ಪೈಪನ್ನು ಬಾಯಲ್ಲಿ ಎಳೆದು ಸೈಫನ್ ಮಾಡುವ ಅಭ್ಯಾಸವನ್ನೂ ಬಿಡಿ.

ಊಟ ಬಿಟ್ಟಿದೆ: ಬಾಯಲ್ಲಿ ಮೊಟ್ಟೆ ಇದೆಯೋ, ಕಾಯಿಲೆಯೋ?

ಇದನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಎರಡರಲ್ಲೂ ಮೀನು ಊಟ ಬಿಡುತ್ತದೆ, ಎರಡರಲ್ಲೂ ಮೂಲೆ ಹಿಡಿಯುತ್ತದೆ.

ಟ್ಯಾಂಕಿನ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಮೊಟ್ಟೆ ಹಿಡಿದ ಹೆಣ್ಣಿನ ಗದ್ದದ ಕೆಳಗೆ ಚೀಲದ ಹಾಗೆ ಇಳಿಬಿದ್ದಿರುತ್ತದೆ. ಬಾಯಿ ಮುಚ್ಚಿರುತ್ತದೆ, ಆಗಾಗ ಎಲೆ ಅಡಿಕೆ ಜಗಿದ ಹಾಗೆ ದವಡೆ ಆಡಿಸುತ್ತದೆ. ಮೊಟ್ಟೆಗಳನ್ನು ಹೊರಳಿಸಿ ಗಾಳಿ ಸಿಗುವಂತೆ ಮಾಡುವ ಕ್ರಮ ಅದು. ಊಟ ಹಾಕಿದಾಗ ಹತ್ತಿರ ಬರುತ್ತದೆ, ನೋಡುತ್ತದೆ, ಬಾಯಿ ತೆರೆಯದೆ ತಿರುಗಿ ಹೋಗುತ್ತದೆ. ದಿನ ಕಳೆದ ಹಾಗೆ ಹೊಟ್ಟೆ ಒಳಗೆ ಸೇರುತ್ತದೆ.

ಕಾಯಿಲೆ ಬಂದ ಮೀನಿನದು ಇದಕ್ಕೆ ಉಲ್ಟಾ. ಹೊಟ್ಟೆ ಊದುತ್ತದೆ. ಊಟ ಬಾಯಿಗೆ ತೆಗೆದುಕೊಂಡು ಉಗಿಯುತ್ತದೆ. ಉಸಿರಾಟ ಜೋರು. ಹಿಂದೆ ಬಿಳಿ ದಾರದಂಥ ಮಲ ನೇತಾಡುತ್ತಿರುತ್ತದೆ. ಇದಕ್ಕೆ ಮಲಾವಿ ಬ್ಲೋಟ್ ಅನ್ನುತ್ತಾರೆ. ಇಲ್ಲಿ ಕಾಯುವುದು ತಪ್ಪು. ಊದಿದ ಹೊಟ್ಟೆ, ಬಿಳಿ ಮಲ ಎರಡೂ ಒಟ್ಟಿಗೆ ಕಂಡರೆ ಆ ಮೀನನ್ನು ಅವತ್ತೇ ಬೇರೆ ಮಾಡಿ, ಉಳಿದವಕ್ಕೆ ಒಂದೆರಡು ದಿನ ಊಟ ನಿಲ್ಲಿಸಿ, ನೀರು ಬದಲಿಸಿ. ಔಷಧಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಬಳಸುತ್ತಾರೆ. ಆದರೆ ಪ್ರಮಾಣವನ್ನು ಪಶುವೈದ್ಯರಿಂದಲೋ ಮೀನುಗಾರಿಕೆ ಓದಿದವರಿಂದಲೋ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಟ್ಯಾಂಕಿಗೆ ಸುರಿಯುವ ಕೆಲಸ ಬೇಡ.

ಮೂರನೆಯ ಸಾಧ್ಯತೆ ಜನರಿಗೆ ಹೊಳೆಯುವುದೇ ಇಲ್ಲ. ಬಾಯಿ ಅರ್ಧ ತೆರೆದೇ ಇದೆ, ಮುಚ್ಚಲು ಆಗುತ್ತಿಲ್ಲ, ಆಗಾಗ ತಲೆ ಕೊಡವುತ್ತದೆ. ಅಂದರೆ ಕಲ್ಲು ಸಿಕ್ಕಿಕೊಂಡಿದೆ. ಈ ಮೀನುಗಳು ನೆಲ ಕೆದಕಿ ಬಾಯಲ್ಲಿ ಎತ್ತಿ ಉಗಿಯುತ್ತವೆ, ಕಡಲೆಕಾಳಿನ ಗಾತ್ರದ ಜಲ್ಲಿ ಗಂಟಲಿಗೆ ಅಡ್ಡ ನಿಲ್ಲಬಹುದು. ಒದ್ದೆ ಕೈಯಲ್ಲಿ ಹಿಡಿದು ಟಾರ್ಚ್ ಬಿಟ್ಟು ನೋಡಿ. ಕಲ್ಲು ಸಡಿಲವಾಗಿ ಕಂಡರೆ ಮೊಂಡು ಚಿಮಟದಲ್ಲಿ ಎತ್ತಬಹುದು. ಬಿಗಿಯಾಗಿದ್ದರೆ ಎಳೆಯಬೇಡಿ, ದವಡೆ ಮುರಿಯುತ್ತದೆ. ಮೀನು ನೋಡುವ ವೈದ್ಯರಿಗೆ ಬಿಡಿ. ಮುಂದಕ್ಕೆ ಟ್ಯಾಂಕಿಗೆ ನಯವಾದ ಮರಳು ಹಾಕಿದರೆ ಈ ತಾಪತ್ರಯವೇ ಇಲ್ಲ.

ತಿಂಗಳುಗಟ್ಟಲೆ ಕಾದರೂ ಮೊಟ್ಟೆಯೇ ಇಲ್ಲ

ಮೊದಲು ವಯಸ್ಸು. ಅಂಗಡಿಯಿಂದ ಒಂದೂವರೆ ಇಂಚಿನ ಮರಿ ತಂದವರು ಇನ್ನೂ ಕಾಯಬೇಕು. ಎರಡರಿಂದ ಎರಡೂವರೆ ಇಂಚು ದಾಟದೆ ನಿರೀಕ್ಷೆ ಇಡಬೇಡಿ.

ಆಮೇಲೆ ಗಂಡು ಹೆಣ್ಣಿನ ಲೆಕ್ಕ. ಯೆಲ್ಲೋ ಲ್ಯಾಬ್‌ನಲ್ಲಿ ಎರಡೂ ಹಳದಿಯೇ. ಅಂಗಡಿಯವರು "ಬ್ರೀಡಿಂಗ್ ಪೇರ್" ಅಂತ ಕೊಟ್ಟಿದ್ದು ಎರಡೂ ಗಂಡಾಗಿರಬಹುದು, ಎರಡೂ ಹೆಣ್ಣಾಗಿರಬಹುದು. ರೆಕ್ಕೆಯ ಕಪ್ಪು ಗೆರೆ ನೋಡಿ ಹೇಳುವುದು ಅಂದಾಜು ಅಷ್ಟೇ. ಖಚಿತವಾಗಿ ತಿಳಿಯಬೇಕಾದರೆ ಮೀನನ್ನು ಒದ್ದೆ ಕೈಯಲ್ಲಿ ತಿರುಗಿಸಿ ಹೊಟ್ಟೆಯ ಕೆಳಗಿನ ಎರಡು ರಂಧ್ರ ನೋಡಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರವಾದರೆ ಗಂಡು, ಹಿಂದಿನದು ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಹೆಣ್ಣು. ಅಭ್ಯಾಸ ಇಲ್ಲದವರು ಐದಾರು ಮೀನು ಸಾಲಾಗಿ ಹೋಲಿಸಿ ನೋಡಿದರೆ ಬೇಗ ತಿಳಿಯುತ್ತದೆ.

ಇದು ಜೋಡಿ ಕಟ್ಟಿ ಬಾಳುವ ಮೀನಲ್ಲ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಒಂದೇ ಹೆಣ್ಣು ಇದ್ದರೆ ಗಂಡು ಹಗಲೆಲ್ಲ ಅದನ್ನೇ ಅಟ್ಟುತ್ತದೆ. ಓಡಿ ಓಡಿ ಸುಸ್ತಾದ ಹೆಣ್ಣು ಮೊಟ್ಟೆ ಕಟ್ಟುವುದಾದರೂ ಹೇಗೆ? ರೆಕ್ಕೆ ಹರಿದ ಹೆಣ್ಣೊಂದು ಮೇಲೆ ಹೀಟರ್ ಹಿಂದೆ ನಿಂತೇ ಇದ್ದರೆ ಅದಕ್ಕೆ ಕಾಯಬೇಡಿ, ಇವತ್ತೇ ತೆಗೆಯಿರಿ. ಎಂಬುನಾ ಗಂಡುಗಳು ರಾತ್ರಿ ಬೆಳಗಾಗುವುದರೊಳಗೆ ಕೊಂದು ಹಾಕಿರುತ್ತವೆ. ಮೂರು ಅಡಿಗಿಂತ ಚಿಕ್ಕ ಟ್ಯಾಂಕಿನಲ್ಲಿ ಈ ಜಗಳಕ್ಕೆ ಪರಿಹಾರ ಸಿಗುವುದು ಅಪರೂಪ.

ಕಲ್ಲುಗಳನ್ನು ಬೇರೆ ಥರ ಜೋಡಿಸಿ ನೋಡಿ. ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಮರೆ, ಸುತ್ತ ಓಡಿ ಬಚ್ಚಿಟ್ಟುಕೊಳ್ಳಲು ಸಂದುಗೊಂದು. ಭಾರದ ಕಲ್ಲು ಮರಳಿನ ಮೇಲೆ ಕೂರಬಾರದು, ತಳದ ಗಾಜಿನ ಮೇಲೆ ತೆಳು ಥರ್ಮಾಕೋಲ್ ಹಾಕಿ ಅದರ ಮೇಲೆ ಕೂರಬೇಕು. ಮೀನು ಅಡಿಯ ಮರಳು ಕೆದಕಿದಾಗ ಕಲ್ಲು ಉರುಳಿ ಟ್ಯಾಂಕ್ ಒಡೆದ ಪ್ರಸಂಗಗಳಿವೆ. 200 ಲೀಟರ್ ನೀರು ಅಂದರೆ 200 ಕೆಜಿ, ಕಲ್ಲಿನ ಭಾರ ಬೇರೆ. ಅದು ಮನೆಯೊಳಗೆ ಹರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಉಷ್ಣಾಂಶ ಕೊನೆಗೆ. ಬೆಂಗಳೂರು, ಮೈಸೂರಿನ ಡಿಸೆಂಬರ್ ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದ ಟ್ಯಾಂಕ್ ತುಂಬಾ ತಣ್ಣಗಾಗುತ್ತದೆ, ಮೊಟ್ಟೆ ಇಡುವುದು ನಿಲ್ಲುತ್ತದೆ. 25ರಿಂದ 27 ಡಿಗ್ರಿ ಸಾಕು.

ಮೊದಲ ವಾರದೊಳಗೆ ಬಾಯಿ ಖಾಲಿ

ಅತಿ ಹೆಚ್ಚು ದೂರು ಬರುವುದು ಇದರ ಬಗ್ಗೆಯೇ. ಮೂರು, ನಾಲ್ಕು, ಐದನೇ ದಿನಕ್ಕೆ ಮೊಟ್ಟೆ ಮಾಯ.

ಹೊಸ ತಾಯಿಯಾದರೆ ಏನೂ ಮಾಡಬೇಡಿ. ಮೊದಲ ಒಂದೆರಡು ಸಲ ನುಂಗುವುದು ಸಾಮಾನ್ಯ. ಮತ್ತೆ ಒಂದೆರಡು ತಿಂಗಳೊಳಗೆ ಮೊಟ್ಟೆ ಇಡುತ್ತದೆ. ಹಳೆಯ ತಾಯಿ ಪದೇ ಪದೇ ಹೀಗೆ ಮಾಡಿದರೆ ಮೊದಲು ಅನುಮಾನಿಸಬೇಕಾದ್ದು ಮೊಟ್ಟೆ ಫಲಿತವಾಗಿಲ್ಲ ಅಂತ. ಫಲಿಸದ ಮೊಟ್ಟೆ ಬಿಳಿಚಿಕೊಂಡು ಕೊಳೆಯುತ್ತದೆ. ತಾಯಿ ಅದನ್ನು ತಿಂದು ಮುಗಿಸುತ್ತದೆ. ಅದು ತಪ್ಪೂ ಅಲ್ಲ, ಕ್ರೌರ್ಯವೂ ಅಲ್ಲ, ಬಾಯಿ ಶುಚಿ ಮಾಡಿಕೊಳ್ಳುವುದು ಅಷ್ಟೇ.

ಫಲಿಸದಿರಲು ಕಾರಣ? ಈ ಮೀನುಗಳು ಮೊಟ್ಟೆ ಇಡುವ ಬಗೆ ಗೊತ್ತಿದ್ದರೆ ಉತ್ತರ ಸುಲಭ. ಹೆಣ್ಣು ಕಲ್ಲಿನ ಮೇಲೆ ಒಂದೆರಡು ಮೊಟ್ಟೆ ಇಟ್ಟ ತಕ್ಷಣ ತಿರುಗಿ ಬಾಯಿಗೆ ಹಾಕಿಕೊಳ್ಳುತ್ತದೆ. ಆಮೇಲೆ ಗಂಡಿನ ಹಿಂಬದಿಯ ರೆಕ್ಕೆಗೆ ಬಾಯಿ ಹಚ್ಚುತ್ತದೆ. ಈ ಗುಂಪಿನ ಅನೇಕ ಗಂಡುಗಳ ಆ ರೆಕ್ಕೆಯಲ್ಲಿ ಮೊಟ್ಟೆಯಂತೆ ಕಾಣುವ ಚುಕ್ಕೆಗಳಿರುತ್ತವೆ. ಅದನ್ನೂ ಮೊಟ್ಟೆ ಅಂದುಕೊಂಡು ಹೆಕ್ಕಲು ಹೋದಾಗ ಗಂಡಿನ ವೀರ್ಯ ಬಾಯಿಯೊಳಗೆ ಹೋಗುತ್ತದೆ, ಮೊಟ್ಟೆ ಅಲ್ಲಿ ಫಲಿಸುತ್ತದೆ. ಜರ್ಮನಿಯ ಪ್ರಾಣಿ ವಿಜ್ಞಾನಿ ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ಈ ಚುಕ್ಕೆಗಳನ್ನು ಹುಸಿ ಮೊಟ್ಟೆ ಎಂದು ವಿವರಿಸಿದರು. ಇಬ್ಬರೂ ವೃತ್ತಾಕಾರವಾಗಿ ಸುತ್ತುತ್ತಾ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ. ಮಧ್ಯದಲ್ಲಿ ಬೇರೆ ಮೀನು ನುಗ್ಗಿ ಕೆಡಿಸಿದರೆ, ಪಂಪಿನ ನೀರು ಆ ಕಲ್ಲಿಗೇ ಜೋರಾಗಿ ಹೊಡೆಯುತ್ತಿದ್ದರೆ, ಗಂಡು ತೀರಾ ಎಳೆಯದಾಗಿದ್ದರೆ ಮೊಟ್ಟೆ ಸರಿಯಾಗಿ ಫಲಿಸದಿರಬಹುದು. ಟ್ಯಾಂಕಿನಲ್ಲಿ ಗಂಡೇ ಇಲ್ಲದಿದ್ದರೂ ಎರಡು ಹೆಣ್ಣು ಸೇರಿ ಈ ಆಟವನ್ನೆಲ್ಲ ಆಡಿ, ಬಾಯಿ ತುಂಬಿಕೊಂಡು ಕೂರುವುದುಂಟು. ಹಾಗಾಗಿ ಪ್ರತಿ ಸಲವೂ ಐದನೇ ದಿನದೊಳಗೆ ಖಾಲಿಯಾಗುತ್ತಿದ್ದರೆ "ನನ್ನ ಗಂಡು ನಿಜವಾಗಿ ಗಂಡೇನಾ?" ಅಂತ ಒಮ್ಮೆ ತಿರುಗಿಸಿ ನೋಡಿ.

ಗಂಡು ಸರಿ ಇದೆ ಅಂತಾದರೆ ನೀರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತೋರಿಸಿ "ನೀರು ಸರಿಯಾಗಿದೆ" ಅನ್ನುವವರಿದ್ದಾರೆ. ಆ ಮೀಟರ್ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯ ಹೇಳುವುದಿಲ್ಲ, ಅದರಿಂದಾಗುವ ನೈಟ್ರೈಟ್ ಹೇಳುವುದಿಲ್ಲ, ಪಿಎಚ್ ಕೂಡ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದನ್ನು ತನ್ನಿ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ ಕೆಳಗೆ, ಆದಷ್ಟೂ 20ರ ಹತ್ತಿರ. ಅಮೋನಿಯದಲ್ಲಿ "ಸ್ವಲ್ಪ ಇದೆ, ಪರವಾಗಿಲ್ಲ" ಅನ್ನುವ ಮಾತೇ ಇಲ್ಲ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. ಮಲಾವಿ ಮೀನಿಗೆ ಬೇಕಾದ 8.2ರ ಹತ್ತಿರ ಹೋದರೆ ಅದು ಎಂಟು ಒಂಬತ್ತು ಪಾಲಿಗೆ ಏರುತ್ತದೆ. ಗೋಲ್ಡ್ ಫಿಶ್ ತಡೆದುಕೊಂಡ ಕಿಟ್ ಬಣ್ಣವೇ ಇಲ್ಲಿ ಅಪಾಯ. ಕಂಡ ಕೂಡಲೇ ಮೂರನೇ ಒಂದು ಭಾಗ ನೀರು ಬದಲಿಸಿ, ಊಟ ನಿಲ್ಲಿಸಿ, ಮರುದಿನ ಮತ್ತೆ ಅಳೆಯಿರಿ.

ಪಿಎಚ್ 7.8ರಿಂದ 8.6ರ ನಡುವೆ ಎಲ್ಲಿದ್ದರೂ ಸರಿ. ಏರಿಳಿತ ಇರಬಾರದು, ಅಷ್ಟೇ. ಬೋರ್‌ವೆಲ್ ನೀರು ಇರುವವರು ಪುಣ್ಯವಂತರು. ನಮ್ಮ ಕಡೆಯ ಬಹುಪಾಲು ಬೋರ್ ನೀರು ಗಡಸು, ಈ ಮೀನಿಗೆ ಹೇಳಿ ಮಾಡಿಸಿದ್ದು. ಗೀಸರ್ ಹಾಳು ಮಾಡುವ ನೀರು ಇಲ್ಲಿ ಉಪಕಾರಕ್ಕೆ ಬರುತ್ತದೆ. ಎಡವಟ್ಟಾಗುವುದು ಕುಡಿಯುವ ಆರ್‌ಒ ನೀರು ತುಂಬುವವರಿಗೆ. ಆರ್‌ಒ ನೀರಿನಲ್ಲಿ ಪಿಎಚ್ಚನ್ನು ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಇರುವುದೇ ಇಲ್ಲ. ಕೆಲವೇ ವಾರದಲ್ಲಿ ಪಿಎಚ್ ಕುಸಿಯುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರಿನ ಕಥೆ ಬೇರೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, ಕಾರ್ಬೊನೇಟ್ ಮಾತ್ರ ಹಾಗೇ ಉಳಿದಿರುತ್ತದೆ. ಸಾಧ್ಯವಾದರೆ ಸಾಫ್ಟನರಿಗೆ ಹೋಗುವ ಮುಂಚಿನ ನಲ್ಲಿಯಿಂದ ಹಿಡಿಯಿರಿ.

ಕಾರ್ಬೊನೇಟ್ ಗಡಸುತನ ಕಮ್ಮಿ ಇದ್ದರೆ ಅಡುಗೆ ಸೋಡಾ ಸಾಕು. 50 ಲೀಟರಿಗೆ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ, ಹಾಕಿದರೆ ಈ ಗಡಸುತನ ನಾಲ್ಕು ಡಿಗ್ರಿ ಏರುತ್ತದೆ. ಒಂದೇ ದಿನ ಸುರಿಯಬೇಡಿ, ಕಾಲು ಚಮಚದ ಹಾಗೆ ದಿನ ಬಿಟ್ಟು ದಿನ, ನೀರಿನಲ್ಲಿ ಕರಗಿಸಿ ಹಾಕಿ. ಅಮೋನಿಯ ಇದ್ದಾಗ ಮಾತ್ರ ಸೋಡಾ ಮುಟ್ಟಬೇಡಿ. ಪಿಎಚ್ ಏರಿದರೆ ವಿಷವೂ ಏರುತ್ತದೆ ಅಂತ ಈಗಷ್ಟೇ ನೋಡಿದೆವು. ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಕಪ್ಪೆಚಿಪ್ಪಿನ ಚೂರು ಇಟ್ಟರೆ ನಿಧಾನವಾಗಿ ಕರಗುತ್ತಾ ಕಾಪಾಡುತ್ತದೆ. ಹವಳದ ಚೂರು ಹಾಕಿ ಅಂತ ವಿದೇಶಿ ವಿಡಿಯೊಗಳಲ್ಲಿ ಹೇಳುತ್ತಾರೆ. ನಮ್ಮಲ್ಲಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅದರ ಸಹವಾಸವೇ ಬೇಡ.

ಕಾರ್ಪೊರೇಷನ್ ನೀರು, ಟ್ಯಾಂಕರ್ ನೀರು ಎರಡಕ್ಕೂ ಕ್ಲೋರಿನ್ ತೆಗೆಯುವ ಆಂಟಿಕ್ಲೋರ್ ಹಾಕದೆ ಬಳಸಬೇಡಿ. ಬೇಸಿಗೆಯಲ್ಲಿ ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನವೇ ನೀರು ಬದಲಿಸಿದರೆ ಮೊಟ್ಟೆ ಮಾತ್ರವಲ್ಲ, ತಾಯಿಯೂ ಹೋಗುತ್ತದೆ.

ಇನ್ನೊಂದು ಶತ್ರು ಗಾಳಿಯಲ್ಲಿದೆ. ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ, ಪೆಸ್ಟ್ ಕಂಟ್ರೋಲ್. ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಘೋರ ವಿಷ, ಏರ್ ಪಂಪ್ ಅದನ್ನು ಕೋಣೆಯಿಂದ ಎಳೆದು ನೇರ ನೀರಿಗೆ ಊದುತ್ತದೆ. ಮೀನುಗಳು ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ಓಡಿ ಗಾಜಿಗೆ ಬಡಿದರೆ ಮೊದಲು ಇದನ್ನು ನೆನೆಯಿರಿ. ಪಂಪ್ ನಿಲ್ಲಿಸಿ, ಕಿಟಕಿ ತೆರೆದು ಗಾಳಿ ಆಡಿಸಿ, ಅರ್ಧ ನೀರು ಬದಲಿಸಿ. ಹೊಗೆ ವಾಸನೆ ಹೋದ ಮೇಲೆ ಪಂಪ್ ಹಾಕಿ.

ಎರಡನೇ ವಾರ ದಾಟಿದ ಮೇಲೆ ಖಾಲಿ

ಇಲ್ಲಿ ಫಲಿಸದ ಮೊಟ್ಟೆಯ ಪ್ರಶ್ನೆ ಇಲ್ಲ. ಮರಿ ಆಗಿತ್ತು, ಕಳೆದುಹೋಯಿತು. ಮೊದಲು ಕಲ್ಲಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ನೀರು 28 ಡಿಗ್ರಿ ದಾಟಿದ್ದರೆ ತಾಯಿ ನಿಮ್ಮ ಲೆಕ್ಕಕ್ಕಿಂತ ಮುಂಚೆಯೇ ಬಿಟ್ಟಿರಬಹುದು. ಫಿಲ್ಟರ್ ತೆರೆದೂ ನೋಡಿ, ಮರಿಗಳು ಅಲ್ಲಿ ಬದುಕಿರುವುದುಂಟು.

ಅಲ್ಲೂ ಇಲ್ಲದಿದ್ದರೆ ಕಾರಣ ಸಾಮಾನ್ಯವಾಗಿ ಕಾಟ. ಹಸಿದ ತಾಯಿಯನ್ನು ಗಂಡು ಅಟ್ಟುತ್ತಲೇ ಇದ್ದರೆ ಒಂದು ಹಂತದಲ್ಲಿ ಅದು ಉಗಿಯುತ್ತದೆ ಇಲ್ಲವೇ ನುಂಗುತ್ತದೆ. ಉಗಿದ ಮರಿ ಉಳಿದ ಮೀನುಗಳಿಗೆ ಊಟ. ಖರ್ಚಿಲ್ಲದ ಉಪಾಯ ಅಂದರೆ ಆ ಮೂರು ವಾರ ಗಂಡನ್ನೇ ತೆಗೆದು ಬೇರೆ ಇಡುವುದು. ತಾಯಿಯನ್ನು ಹಿಡಿಯುವುದಕ್ಕಿಂತ ಇದು ಎಷ್ಟೋ ವಾಸಿ, ಆದರೆ ಯಾರೂ ಮಾಡುವುದಿಲ್ಲ. ಗಂಡಿನ ಬಣ್ಣ ನೋಡಲು ತಾನೇ ಟ್ಯಾಂಕ್ ಇಟ್ಟಿರುವುದು!

ಕರೆಂಟ್ ಹೋಗಿತ್ತಾ ಅಂತಲೂ ನೆನಪು ಮಾಡಿಕೊಳ್ಳಿ. ಬಾಯಿ ತುಂಬಿದ ತಾಯಿಗೆ ಉಸಿರಾಡುವುದೇ ಕಷ್ಟ. ಕರಾವಳಿಯ ಬೇಸಿಗೆಯಲ್ಲಿ 31 ಡಿಗ್ರಿ ನೀರು, ಅದರ ಮೇಲೆ ಪಂಪ್ ನಿಂತರೆ ಆಮ್ಲಜನಕ ಸಾಲದೆ ಎಲ್ಲ ಉಗಿದುಬಿಡುತ್ತದೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಹಿಡಿಯಲು ಹೋದರೆ ಉಗಿದುಬಿಡುತ್ತದೆ

ಬಲೆ ಹಾಕಿ ಅಟ್ಟಿಸಿಕೊಂಡು ಹೋದರೆ ಉಗಿಯದೆ ಇನ್ನೇನು? ತಾಯಿಯನ್ನು ಸ್ಥಳಾಂತರಿಸಲೇಬೇಕಾದರೆ 15ನೇ ದಿನದ ನಂತರ, ರಾತ್ರಿ, ಲೈಟ್ ಆರಿಸಿ ಒಂದು ಗಂಟೆಯಾದ ಮೇಲೆ ಮಾಡಿ. ನಿದ್ದೆಗಣ್ಣಿನ ಮೀನು ಓಡುವುದಿಲ್ಲ. ಬಲೆಯ ಬದಲು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ. ಹೋಗುವ ಟ್ಯಾಂಕಿನಲ್ಲಿ ಇದೇ ಹಳೆ ನೀರು, ಮೊದಲೇ ಓಡಿಸಿ ಪಳಗಿದ ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಮಣ್ಣಿನ ಕುಂಡ ಇರಲಿ. ಉಗಿದರೆ ಗಾಬರಿ ಬೇಡ. ಮರಿ, ತಾಯಿ ಎರಡನ್ನೂ ಅದೇ ಟ್ಯಾಂಕಿಗೆ ಬಿಟ್ಟು ಮೇಲೆ ಬಟ್ಟೆ ಮುಚ್ಚಿ. ಎಷ್ಟೋ ತಾಯಂದಿರು ಬೆಳಗ್ಗೆ ಹೊತ್ತಿಗೆ ಮತ್ತೆ ಎತ್ತಿಕೊಂಡಿರುತ್ತವೆ.

ಟ್ಯಾಂಕಿನೊಳಗೇ ತೂಗುಹಾಕುವ ಬ್ರೀಡಿಂಗ್ ಬಾಕ್ಸ್ ನನಗೆ ಇಷ್ಟವಿಲ್ಲ. ನಾಲ್ಕು ಇಂಚಿನ ಮೀನನ್ನು ಅಂಗೈ ಅಗಲದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕೂಡಿಹಾಕಿದರೆ ನುಂಗಿದ್ದಕ್ಕೆ ಅದನ್ನು ಬಯ್ಯುವ ಹಾಗಿಲ್ಲ.

ಬಾಯಿ ಬಿಡಿಸಿ ಮರಿ ತೆಗೆಯುವುದಕ್ಕೆ ಸ್ಟ್ರಿಪ್ಪಿಂಗ್ ಅನ್ನುತ್ತಾರೆ. ಎಲ್ಲ ಸರಳ ದಾರಿ ಮುಗಿದ ಮೇಲೆ, 16ರಿಂದ 18ನೇ ದಿನದ ಹೊತ್ತಿಗೆ ಮಾತ್ರ. ಕೈ ಒದ್ದೆ ಮಾಡಿಕೊಂಡು, ನೀರಿನ ಬೋಗುಣಿಯ ಮೇಲೆ ಮೀನಿನ ತಲೆ ಕೆಳಗೆ ಬರುವಂತೆ ಹಿಡಿದು, ಕೆಳದುಟಿಯನ್ನು ಮೆತ್ತಗೆ ಇಳಿಸಿ, ನೀರಿನಲ್ಲಿ ಮುಂದೆ ಹಿಂದೆ ಆಡಿಸಬೇಕು. ಕಡ್ಡಿ, ಪಿನ್ನು ಬೇಡ. ಅರ್ಧ ನಿಮಿಷದಲ್ಲಿ ಬರದಿದ್ದರೆ ವಾಪಸ್ ನೀರಿಗೆ ಬಿಡಿ. ಒಮ್ಮೆಯೂ ಪಳಗಿದವರು ಮಾಡುವುದನ್ನು ನೋಡಿಲ್ಲವಾದರೆ, ನೋಡುವ ತನಕ ನೀವು ಮಾಡಬೇಡಿ.

ಮೊಟ್ಟೆಯೇ ಹೊರಬಂದಿದ್ದರೆ ಎಗ್ ಟಂಬ್ಲರ್ ಬೇಕು, ಅಂದರೆ ಗಾಳಿಯ ಗುಳ್ಳೆಯಿಂದ ಮೊಟ್ಟೆ ಅಲುಗಿಸುತ್ತಿರುವ ಕೊಳವೆ. ಗಾಳಿಯ ಗುಳ್ಳೆ ಮೊಟ್ಟೆಗಳನ್ನು ಹಗುರವಾಗಿ ಅಲುಗಿಸಬೇಕು, ಎತ್ತಿ ಬಡಿಯಬಾರದು. ಬೆಳ್ಳಗಾಗಿ ಹತ್ತಿಯಂತೆ ಬೂಸ್ಟು ಹಿಡಿದ ಮೊಟ್ಟೆಯನ್ನು ದಿನಾ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ನೀರು ತೆಳು ನೀಲಿಯಾಗುವಷ್ಟು ಮೆಥಿಲಿನ್ ಬ್ಲೂ, ಅಂದರೆ ಬೂಸ್ಟು ತಡೆಯುವ ಔಷಧಿ, ಹಾಕಬಹುದು. ಪಳಗಿದ ಫಿಲ್ಟರ್ ಇರುವ ಟ್ಯಾಂಕಿಗೆ ಮಾತ್ರ ಅದು ತಾಗದಿರಲಿ, ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ.

ಮರಿ ಹೊರಬಂತು, ಉಳಿಯುತ್ತಿಲ್ಲ

ಒಂದು ಸಲಕ್ಕೆ ಹತ್ತರಿಂದ ಮೂವತ್ತು ಮರಿ. ಗಪ್ಪಿಗೆ ಹೋಲಿಸಿ ಕಮ್ಮಿ ಅನ್ನಬೇಡಿ, ಇವು ಹುಟ್ಟುವಾಗಲೇ ಗಟ್ಟಿ. ಹಾಗಿದ್ದೂ ಸಾಯುತ್ತಿವೆ ಅಂದರೆ ನೋಡಬೇಕಾದ್ದು ಮೂರೇ.

ದಿನಕ್ಕೊಂದೆರಡು ಕಾಣೆಯಾಗುತ್ತಿವೆ, ಹೆಣ ಸಿಗುತ್ತಿಲ್ಲ: ಯಾರೋ ತಿನ್ನುತ್ತಿದ್ದಾರೆ ಅಥವಾ ಫಿಲ್ಟರ್ ಎಳೆಯುತ್ತಿದೆ. ಪವರ್ ಫಿಲ್ಟರಿನ ಬಾಯಿಗೆ ಸ್ಪಾಂಜ್ ಕಟ್ಟಿ. ಹೆಣ ತಳದಲ್ಲಿ ಸಿಗುತ್ತಿದೆ, ಹೊಟ್ಟೆ ಒಳಗೆ ಹೋಗಿದೆ: ಹಸಿವು. ಹಳದಿ ಚೀಲ ಕರಗಿದ ದಿನದಿಂದ ನುಣ್ಣಗೆ ಪುಡಿ ಮಾಡಿದ ಒಣ ಆಹಾರ, ಆಗಷ್ಟೇ ಮೊಟ್ಟೆ ಒಡೆದು ಬಂದ ಆರ್ಟೀಮಿಯ ಅನ್ನುವ ಪುಟ್ಟ ಸೀಗಡಿ, ದಿನಕ್ಕೆ ಮೂರು ನಾಲ್ಕು ಸಲ ಚೂರು ಚೂರು ಕೊಡಿ. ಬೇಯಿಸಿದ ಮೊಟ್ಟೆಯ ಹಳದಿ ಕೊಡಿ ಅನ್ನುವ ಹಳೆ ಸಲಹೆ ಇದೆ, ಅದು ಮರಿಗಿಂತ ಹೆಚ್ಚಾಗಿ ನೀರನ್ನು ಕೊಬ್ಬಿಸುತ್ತದೆ. ಮೂರನೆಯದು, ಎಲ್ಲ ಮರಿಗಳೂ ಒಂದೇ ದಿನ ಮೇಲೆ ಬಂದು ಬಾಯಿ ಬಡಿಯುತ್ತಿವೆ: ಅಮೋನಿಯ. ಊಟ ಜಾಸ್ತಿಯಾಗಿದೆ, ಫಿಲ್ಟರ್ ಹೊಸದು. ನೀರು ಬದಲಿಸುವುದು ಬಿಟ್ಟು ಬೇರೆ ಔಷಧಿ ಇಲ್ಲ.

ಬೆನ್ನು ಸೊಟ್ಟಗಿರುವ ಮರಿ ಒಂದೆರಡು ಇರುವುದು ಮಾಮೂಲು. ಪ್ರತಿ ಸಲವೂ ಹಲವು ಇದ್ದರೆ ಒಡಹುಟ್ಟಿದ ಮೀನುಗಳನ್ನೇ ತಲೆಮಾರುಗಟ್ಟಲೆ ಕೂಡಿಸಿದ್ದೀರಿ ಅಂತ ಅರ್ಥ. ಬೇರೆ ಊರಿನ ಅಂಗಡಿಯಿಂದ ಹೊಸ ಗಂಡು ತನ್ನಿ.

ಮರಿಗಳು ಅಪ್ಪ ಅಮ್ಮನ ಹಾಗಿಲ್ಲ

ಯೆಲ್ಲೋ ಲ್ಯಾಬ್ ಜೊತೆ ರೆಡ್ ಜೀಬ್ರಾ ಅನ್ನುವ ಇನ್ನೊಂದು ಎಂಬುನಾ ಮೀನು ಇಟ್ಟಿದ್ದರೆ ಮರಿ ಮಿಶ್ರತಳಿ ಆಗಿರುವ ಸಾಧ್ಯತೆ ಹೆಚ್ಚು. ಮಸುಕು ಕಿತ್ತಳೆ, ಮೈಮೇಲೆ ಅರೆಬರೆ ಪಟ್ಟೆ. ಸಾಕಿಕೊಳ್ಳಿ, ಆದರೆ ಯೆಲ್ಲೋ ಲ್ಯಾಬ್ ಅಂತ ಮಾರಬೇಡಿ.

ಸಿಕ್ಲಿಡ್ ಬಾಯಿಂದ ಮೀಸೆ ಇರುವ ಚುಕ್ಕೆ ಚುಕ್ಕೆ ಮರಿ ಬಂತಾ? ನಿಮ್ಮ ಟ್ಯಾಂಕಿನಲ್ಲಿ ಸಿನೊಡಾಂಟಿಸ್ ಮಲ್ಟಿಪಂಕ್ಟಾಟಸ್ ಕ್ಯಾಟ್‌ಫಿಶ್ ಇರಬೇಕು. ಅದು ಟ್ಯಾಂಗನಿಕಾ ಸರೋವರದ್ದು. ಸಿಕ್ಲಿಡ್ ಮೊಟ್ಟೆ ಇಡುವಾಗ ನುಗ್ಗಿ ತನ್ನ ಮೊಟ್ಟೆ ಬೆರೆಸುತ್ತದೆ, ಸಿಕ್ಲಿಡ್ ತಿಳಿಯದೆ ಎತ್ತಿಕೊಳ್ಳುತ್ತದೆ. ಕ್ಯಾಟ್‌ಫಿಶ್ ಮರಿ ಮೊದಲು ಹುಟ್ಟಿ ಸಿಕ್ಲಿಡ್ ಮರಿಗಳನ್ನು ಬಾಯಿಯೊಳಗೇ ತಿಂದು ಮುಗಿಸುತ್ತದೆ. ನೋಡಲು ಅದ್ಭುತವೇ, ಆದರೆ ಹಳದಿ ಮರಿ ಬೇಕಾದವರು ಅದನ್ನು ಬೇರೆ ಟ್ಯಾಂಕಿಗೆ ಹಾಕಬೇಕು.

ತಾಯಿ ಸೊರಗುತ್ತಿದೆ: ಯಾವಾಗ ನಿಲ್ಲಿಸಬೇಕು

ಮೂರು ವಾರ ಉಪವಾಸ ಇದ್ದ ಮೀನು ತೆಳ್ಳಗಾಗುವುದು ಸಹಜ. ಆದರೆ ತಲೆ ದೊಡ್ಡದಾಗಿ, ಬೆನ್ನು ಚೂಪಾಗಿ, ಹೊಟ್ಟೆ ಗುಳಿ ಬಿದ್ದಿದ್ದರೆ ಆ ಸಲದ ಮರಿಯ ಆಸೆ ಬಿಟ್ಟು ತಾಯಿಯನ್ನು ಉಳಿಸಿಕೊಳ್ಳಿ. ನಾಲ್ಕು ವಾರ ದಾಟಿದರೂ ಬಿಡದಿದ್ದರೆ, ಒರಗಿ ಈಜುತ್ತಿದ್ದರೆ, ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಮನೆಮದ್ದು ನಿಲ್ಲಿಸಿ ಪಶುವೈದ್ಯರನ್ನು ಕೇಳಿ. ಹೋಗುವಾಗ ಟೆಸ್ಟ್ ಕಿಟ್ ಅಂಕಿ, ಉಷ್ಣಾಂಶ, ದಿನಾಂಕ ಬರೆದ ಕ್ಯಾಲೆಂಡರಿನ ಫೋಟೊ, ಒಂದು ಸಣ್ಣ ವಿಡಿಯೊ ಇರಲಿ. "ಮೀನು ಡಲ್ ಆಗಿದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಮರಿ ಬಿಟ್ಟ ತಾಯಿಯನ್ನು ಕೂಡಲೇ ಗಂಡಿನ ಬಳಿ ಹಾಕಬೇಡಿ. ಎರಡು ಮೂರು ವಾರ ಬೇರೆ ಇಟ್ಟು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಊಟ ಹಾಕಿ ಮೈ ತುಂಬಿಸಿ. ಸ್ಪಿರುಲಿನಾ ಪಾಚಿ ಇರುವ ಆಹಾರ ಒಳ್ಳೆಯದು. ಹಸಿದಿದೆ ಅಂತ ಒಂದೇ ಸಲ ಹೊಟ್ಟೆ ಬಿರಿಯುವಷ್ಟು ರಕ್ತಹುಳ ಹಾಕಿದರೆ ಬ್ಲೋಟ್ ಬರುವ ಅಪಾಯವಿದೆ.

ಎಲ್ಲ ಸರಿಹೋದರೆ ಬರುವ ಸಮಸ್ಯೆ ಬೇರೆ, ಮರಿ ಜಾಸ್ತಿ. ಅವನ್ನು ಕೆರೆಗೆ ಬಿಡುವ ಯೋಚನೆ ಬೇಡವೇ ಬೇಡ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಕೂಡ ಬಾಯಲ್ಲಿ ಮರಿ ಕಾಯುವ ಆಫ್ರಿಕಾದ ಸಿಕ್ಲಿಡ್ಡೇ. ಅದನ್ನು ಭಾರತಕ್ಕೆ ತಂದಿದ್ದು 1952ರಲ್ಲಿ, ಆಮೇಲೆ ಅದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಗುರುತಿನ ಅಂಗಡಿಗೆ ಕೊಡಿ, ಸಾಕುವ ಸ್ನೇಹಿತರಿಗೆ ಹಂಚಿ. ಅದೂ ಆಗದಿದ್ದರೆ ಮುಂದಿನ ಸಲ ತಾಯಿ ಬಾಯಿ ತುಂಬಿಕೊಂಡಾಗ ಅದನ್ನು ಬೇರೆ ಮಾಡದೆ ದೊಡ್ಡ ಟ್ಯಾಂಕಿನಲ್ಲೇ ಬಿಡಿ. ಕಲ್ಲಿನ ಸಂದಿಯಲ್ಲಿ ಒಂದೋ ಎರಡೋ ಉಳಿಯುತ್ತವೆ, ಅಷ್ಟಕ್ಕೆ ಜಾಗ ಇರುತ್ತದೆ.